ಮಾವನ ಬೀಮು, ಸೊಸೆಯ ಲೆಕ್ಕ

ಅಂದು ಬೆಳಿಗ್ಗೆ ಇಂಜಿನಿಯರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಬೂಟಿಗೆ ಪಾಲಿಶ್ ಬಳಿದು, ಕನ್ನಡಿಯ ಮುಂದೆ ಮತ್ತೆ ಮತ್ತೆ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಲು ಅಲ್ಲಿ ಉಳಿದಿದ್ದಾದರೂ ಎಷ್ಟು ಎಂಬುದು ಬೇರೆ ಮಾತು.

"ಒಂದು ಬೀಮು ಮುರಿಯೋದು ನೋಡೋಕೆ ಇಷ್ಟೊಂದು ಸಿಂಗಾರಾನಾ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದರು.

"ಮುರಿಯೋದಲ್ಲ ಕಣೇ, ಮುರೀದೇ ಇರೋದು ನೋಡೋಕೆ."

"ಮುರಿಯೋವರೆಗೂ ಬಿಡಲ್ಲ ಅಂತಿದ್ಲಲ್ಲ ನಿಮ್ಮ ಸೊಸೆ."

"ಮುರೀಲಿ, ಬೇಡ ಅಂದವರು ಯಾರು? ನಾನು ಹೇಳಿದಷ್ಟು ಹೊತ್ತುಕೊಂಡು ಆಮೇಲೆ ಮುರೀಲಿ!"

ಬಾಗಿಲ ಬಳಿ ಕೂತು ಶೂ ದಾರ ಕಟ್ಟುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳು ನಗುತ್ತಿರುವುದು ಮಾವನಿಗೆ ಕಂಡುಬಿಡುತ್ತಿತ್ತು. ನಗು ಕಂಡರೆ ಮಾವನ ಮೂಗಿನ ತುದಿಯಲ್ಲೇ ಇದ್ದ ಕೋಪ ಸಿಡಿದುಬಿಡುತ್ತಿತ್ತು. ಹಾಗಾಗಿ ಅವಳು ದಾರವನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

ಈ ಜಗಳ ಶುರುವಾಗಿದ್ದು ಲೈಬ್ರರಿಯಿಂದ. ಊರಿನ ದೊಡ್ಡ ಲೈಬ್ರರಿಯ ಓದುವ ಹಾಲು ಇಂಜಿನಿಯರು ತಮ್ಮ ನಡುವಯಸ್ಸಿನಲ್ಲಿ ಲೆಕ್ಕ ಹಾಕಿ ಕಟ್ಟಿಸಿದ್ದು. ಅಷ್ಟುದ್ದದ ಹಾಲಿನ ನಡುವೆ ಒಂದೇ ಒಂದು ಕಂಬವಿಲ್ಲ. ಮೇಲೆ ಆಳೆತ್ತರದ ಕಾಂಕ್ರೀಟ್ ಬೀಮುಗಳು ಈ ಗೋಡೆಯಿಂದ ಆ ಗೋಡೆಗೆ ಹಾದು ಛಾವಣಿಯನ್ನು ಹೊತ್ತು ನಿಂತಿವೆ. ಸಂಜೆ ಹೊತ್ತು ಇಂಜಿನಿಯರು ಅಲ್ಲಿ ಪೇಪರ್ ಓದಲು ಹೋಗುತ್ತಿದ್ದರು. ಓದುವುದು ನೆಪ. ಪೇಪರನ್ನು ಮುಖದ ಮುಂದೆ ಹಿಡಿದು, ಅದರ ಅಂಚಿನ ಮೇಲಿಂದ ತಮ್ಮ ಬೀಮುಗಳನ್ನು ನೋಡುತ್ತ ಕೂರುವುದೇ ಅವರ ನಿಜವಾದ ಕೆಲಸ. ಬೆಳೆದ ಮಕ್ಕಳನ್ನು ಹಾಗೆ ನೋಡುತ್ತ ಕೂತರೆ ಮಕ್ಕಳು ಗದರುತ್ತಾರೆ, ಬೀಮುಗಳು ಸುಮ್ಮನಿರುತ್ತಿದ್ದವು.

ಈಗ ಲೈಬ್ರರಿಯವರಿಗೆ ಜಾಗ ಸಾಲದಾಗಿತ್ತು. ಹಾಲಿನ ಮೇಲೆ ಇನ್ನೊಂದು ಮಹಡಿ ಎಬ್ಬಿಸಿ, ಕಬ್ಬಿಣದ ರ್‍ಯಾಕುಗಳನ್ನಿಟ್ಟು, ಹಳೆಯ ಪತ್ರಿಕೆಗಳನ್ನೆಲ್ಲ ತುಂಬಬೇಕೆಂದು ಅವರ ಆಸೆ. ಕಾಗದ ಕಂಡಷ್ಟು ಹಗುರವಲ್ಲ, ಕಲ್ಲಿನಷ್ಟು ಭಾರ. ಬೀಮು ತಡೆಯುತ್ತದೆಯೇ ಎಂದು ಸಭೆ ಕರೆದರು. "ಆನೆ ತಂದು ನಿಲ್ಲಿಸಿ ಬೇಕಾದ್ರೆ," ಎಂದರು ಇಂಜಿನಿಯರು. ಅದೇ ಸಭೆಗೆ ಲ್ಯಾಬಿನ ಕಡೆಯಿಂದ ಬಂದಿದ್ದವಳು ಅವರದೇ ಸೊಸೆ. ಯಾವ ಬೀಮು ಎಷ್ಟು ಭಾರಕ್ಕೆ ಮುರಿಯುತ್ತದೆ ಎಂದು ಮೊದಲೇ ಲೆಕ್ಕ ಕಟ್ಟಿ ಹೇಳುವುದು, ಆಮೇಲೆ ಮುರಿದು ನೋಡುವುದು, ಇದೇ ಅವಳ ಉದ್ಯೋಗ. ಎಲ್ಲರೆದುರು ಎದ್ದು ನಿಂತು, "ಈಗಿರೋ ಹಾಗೇ ಇರ್ಲಿ. ಜನ ಕೂತು ಓದ್ಲಿ, ಏನೂ ತೊಂದ್ರೆಯಿಲ್ಲ. ಆದ್ರೆ ಮೇಲೆ ಇನ್ನೇನೂ ಬೇಡ, ತಡಿಯಲ್ಲ," ಎಂದುಬಿಟ್ಟಳು.

ಇಂಜಿನಿಯರ ಮುಖ ಕೆಂಪಗಾಯಿತು. ಮನೆಗೆ ಬಂದ ಮೇಲೆ ಉಪ್ಪು ಬೇಕಾದರೂ ಹೆಂಡತಿಯ ಮೂಲಕವೇ ಕೇಳತೊಡಗಿದರು. ಉಪ್ಪಿನ ಡಬ್ಬಿ ಸೊಸೆಯ ಕೈಗೆ ತಾಗುವಷ್ಟು ಹತ್ತಿರದಲ್ಲೇ ಇರುತ್ತಿತ್ತು.

ಹಾಗಂತ ಅವಳು ಬಾಯಿಗೆ ಬಂದದ್ದು ಹೇಳಿರಲಿಲ್ಲ. ಬೀಮು ಎರಡು ಥರ ಸಾಯುತ್ತದೆ. ಒಂದು, ನಡುವಿನಲ್ಲಿ ಬಾಗಿ ಬಾಗಿ, ಬಿರುಕು ಬಿಟ್ಟು, ನನಗಿನ್ನು ಆಗುವುದಿಲ್ಲ ಎಂದು ನಾಲ್ಕು ಸಲ ಹೇಳಿ ಸಾಯುವುದು. ಇನ್ನೊಂದು, ತುದಿಯ ಹತ್ತಿರ ಓರೆಯಾಗಿ ಸೀಳಿಕೊಂಡು, ಹೇಳದೆ ಕೇಳದೆ ಸಾಯುವುದು. ಈ ಎರಡನೆಯದಕ್ಕೆ ಶಿಯರ್ ಎನ್ನುತ್ತಾರೆ. ಅದನ್ನು ತಡೆಯಲೆಂದೇ ಬೀಮಿನೊಳಗೆ ಕಂಬಿಯ ರಿಂಗುಗಳನ್ನು ಹಾಕುತ್ತಾರೆ. ಇಂಜಿನಿಯರ ಕಾಲದ ನಿಯಮ, ಬೀಮು ಇಷ್ಟು ದಪ್ಪ ಇದ್ದರೆ ಕಾಂಕ್ರೀಟೇ ಸಾಕು, ರಿಂಗು ಬೇಡ ಎನ್ನುತ್ತಿತ್ತು. ಅವರು ಹಾಕಿರಲಿಲ್ಲ. ಆದರೆ ಆ ನಿಯಮ ಹುಟ್ಟಿದ್ದು ಸಣ್ಣ ಸಣ್ಣ ಬೀಮುಗಳನ್ನು ಮುರಿದು. ಅಳತೆ ಬೆಳೆದಂತೆ ಶಕ್ತಿ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ ಎಂಬುದು ಸೊಸೆಯ ವಾದ. "ಕೂಸಿನ ಅಂಗಿ ಅಳತೆ ಹಿಡ್ಕೊಂಡು ಪೈಲ್ವಾನನಿಗೆ ಕೋಟು ಹೊಲಿದ ಹಾಗಾಗಿದೆ ಮಾವ," ಎಂದು ಅವಳು ಒಮ್ಮೆ ಸಮಾಧಾನ ಹೇಳಲು ಹೋದಳು. ಸಮಾಧಾನ ಆಗಲಿಲ್ಲ.

ಕೊನೆಗೆ ಲೈಬ್ರರಿಯನ್ ಮೇಡಂ ಬೇಸತ್ತು, "ನೀವು ಮಾವ ಸೊಸೆ ಬಡಿದಾಡಿ ಮುಗಿಯೋ ಹೊತ್ತಿಗೆ ನನ್ನ ಪತ್ರಿಕೆಗಳನ್ನ ಗೆದ್ದಲು ತಿಂದಿರುತ್ತೆ. ಅಂಥದ್ದೇ ಒಂದು ಬೀಮು ಮಾಡಿ ಮುರಿದುಬಿಡಿ," ಎಂದರು. ಅದೇ ಅಳತೆ, ಅದೇ ಕಂಬಿ, ಅದೇ ಕಾಂಕ್ರೀಟು. ಎಂಬತ್ತು ಟನ್ ದಾಟಿ ತಡೆದರೆ ಮಹಡಿ ಏಳುತ್ತದೆ. ದಾಟದಿದ್ದರೆ ಇಲ್ಲ.

ಇಂಜಿನಿಯರಿಗೆ ಇದು ಬರೀ ಮಹಡಿಯ ಪ್ರಶ್ನೆಯಾಗಿರಲಿಲ್ಲ. ಜೀವಮಾನದಲ್ಲಿ ಅವರು ಕಟ್ಟಿಸಿದ್ದು ಬಹಳ, ಮೆಚ್ಚಿಕೊಂಡಿದ್ದು ಇದೊಂದನ್ನೇ. ಅದು ಸುಳ್ಳಾದರೆ ತಾನೂ ಸುಳ್ಳು ಎಂದು ಅವರಿಗೆ ಒಳಗೊಳಗೇ ಅನ್ನಿಸುತ್ತಿತ್ತು.

ಲ್ಯಾಬು ಎಂದರೆ ತಗಡಿನ ಛಾವಣಿಯ ಒಂದು ದೊಡ್ಡ ಶೆಡ್ಡು. ಸಿಮೆಂಟಿನ ವಾಸನೆ, ಎಣ್ಣೆಯ ವಾಸನೆ, ಮೂಲೆಯಲ್ಲಿ ಹಿಂದೆ ಮುರಿದ ಬೀಮುಗಳ ಗುಡ್ಡೆ. ನಟ್ಟನಡುವೆ ಹೊಸ ಬೀಮು ಎರಡು ಉಕ್ಕಿನ ಪೀಠಗಳ ಮೇಲೆ ಮಲಗಿತ್ತು. ಬಿರುಕು ಎದ್ದು ಕಾಣಲೆಂದು ಮೈತುಂಬ ಸುಣ್ಣ ಬಳಿದಿದ್ದರು. ಮೇಲಿನಿಂದ ಜಾಕ್ ಎಂಬ ಒತ್ತುವ ಯಂತ್ರ ಅದರ ಬೆನ್ನ ನಡುವೆ ಬಂದು ಕೂತಿತ್ತು. ಇಂಜಿನಿಯರು ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು.

"ನೋಡು, ನೋಡು, ಏನು ಗತ್ತು!" ಎಂದರು. ಸಿಟ್ಟು ಮರೆತು ಸೊಸೆಗೇ ಹೇಳಿದ್ದರು.

"ಚೆನ್ನಾಗಿದೆ ಅಲ್ವಾ ಮಾವ?" ಅವಳ ಕಣ್ಣೂ ಹೊಳೆಯುತ್ತಿತ್ತು.

"ಚೆನ್ನಾಗಿ ಏನು ಬಂತು, ಅಚ್ಚು ನನ್ನದೇ!"

ಆ ಲ್ಯಾಬಿನಲ್ಲಿ ಒಂದು ಪದ್ಧತಿ. ಬೀಮನ್ನು ಮುರಿಯುವ ಮುನ್ನ ಅಲ್ಲಿದ್ದವರೆಲ್ಲ ತಮ್ಮ ತಮ್ಮ ಅಂದಾಜನ್ನು ಸೀಮೆಸುಣ್ಣದಲ್ಲಿ ಒಂದು ಕರಿಹಲಗೆಯ ಮೇಲೆ ಬರೆಯಬೇಕು. ಜಾಕ್ ಎಷ್ಟು ಟನ್ ಒತ್ತಿದಾಗ ಮುರಿಯುತ್ತದೆ, ಅಷ್ಟೇ. ಕ್ರೇನ್ ನಡೆಸುವವನು ಎಪ್ಪತ್ತೈದು ಎಂದು ಬರೆದ. ಅವನನ್ನು ಎಲ್ಲರೂ ಕ್ರೇನಣ್ಣ ಎಂದೇ ಕರೆಯುತ್ತಿದ್ದರು. ಲೈಬ್ರರಿಯನ್ ಮೇಡಂ ತಮ್ಮ ಆಸೆಗೆ ತಕ್ಕಂತೆ ತೊಂಬತ್ತು ಬರೆದರು. ಇಂಜಿನಿಯರು ಸುಣ್ಣದ ತುಂಡು ಪುಡಿಯಾಗುವಷ್ಟು ಒತ್ತಿ ನೂರಹತ್ತು ಎಂದು ಬರೆದು ಕೆಳಗೆ ಗೆರೆ ಎಳೆದರು. ಸೊಸೆ ಕೊನೆಗೆ ಬಂದು ಅರವತ್ತು ಎಂದು ಬರೆದಳು. ಬೀಮಿನ ಹೆಸರಿನಲ್ಲಿ ತಮಗೇ ಯಾರೋ ಕಡಿಮೆ ಮಾರ್ಕು ಕೊಟ್ಟಂತೆ ಇಂಜಿನಿಯರು ಆ ಅಂಕಿಯನ್ನು ದುರುಗುಟ್ಟಿ ನೋಡಿದರು. ಅದು ಹೇಗೆ ಬಂತು ಎಂದು ಕೇಳಲು ಬಾಯಿವರೆಗೆ ಬಂದಿತ್ತು, ಬಿಗುಮಾನ ಬಿಡಲಿಲ್ಲ.

"ಎಲ್ಲಕ್ಕಿಂತ ಕಡಿಮೆ ಅರವತ್ತು," ಎಂದು ಕ್ರೇನಣ್ಣ ಕೂಗಿ ಹೇಳಿದ. "ಅದರ ಮುಕ್ಕಾಲು ಪಾಲು ನಲವತ್ತೈದು. ಅಲ್ಲಿವರೆಗೆ ಬಿರುಕಿಗೆ ಗೆರೆ ಎಳೆಯೋರು ಬೀಮಿನ ಹತ್ತಿರ ಹೋಗ್ಬಹುದು. ಆಮೇಲೆ ಯಾರೂ ಹಳದಿ ಗೆರೆ ದಾಟೋ ಹಾಗಿಲ್ಲ."

"ನನ್ನ ಲೆಕ್ಕದಲ್ಲಾದ್ರೆ ಎಂಬತ್ತರವರೆಗೂ ಅದರ ಕೆಳಗೆ ಕೂತು ಕಾಫಿ ಕುಡೀಬಹುದು," ಎಂದರು ಇಂಜಿನಿಯರು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು.

ಪಂಪು ಗುಂಯ್‌ಗುಟ್ಟಿತು. ಗೋಡೆಯ ಮೇಲಿನ ಪರದೆಯಲ್ಲಿ ಕೆಂಪು ಅಂಕಿ ಏರತೊಡಗಿತು. ಹತ್ತು ಟನ್ನಿಗೆ ನಿಲ್ಲಿಸಿದರು. ಸೊಸೆ ಕಪ್ಪು ಪೆನ್ನು ಹಿಡಿದು ಬೀಮಿನ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ಹುಡುಕಿ, ಏನೂ ಇಲ್ಲವೆಂದು ಕೈ ಆಡಿಸಿ ಬಂದಳು. ಇಪ್ಪತ್ತಕ್ಕೆ ನಡುವಿನಲ್ಲಿ ಕೂದಲೆಳೆಯಂಥ ನಾಲ್ಕಾರು ಬಿರುಕು ಕಂಡವು. ಅವಳು ಒಂದೊಂದರ ಮೇಲೂ ಪೆನ್ನು ಓಡಿಸಿ, ತುದಿಯಲ್ಲಿ ಅಂಕಿ ಬರೆದಳು. ಇಂಜಿನಿಯರು ಹಳದಿ ಗೆರೆಯ ಈಚೆ ನಿಂತಲ್ಲಿ ನಿಲ್ಲಲಾರದೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಡಾಡುತ್ತಿದ್ದರು. ಇಡೀ ಜೀವಮಾನ ಬೀಮುಗಳನ್ನು ಕಟ್ಟಿಸಿದ್ದರಲ್ಲದೆ ಒಂದೂ ಮುರಿದದ್ದನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಕಟ್ಟಿಸುವವರ ಪುಣ್ಯವೇ ಅದು.

ಮೂವತ್ತು. ಹೊಸದೇನೂ ಇಲ್ಲ. "ಹೇಳಿರ್ಲಿಲ್ವಾ!" ಎಂದು ಚಪ್ಪಾಳೆ ತಟ್ಟಿದರು. ಕ್ರೇನಣ್ಣನ ಬೆನ್ನಿಗೂ ಒಂದು ಗುದ್ದು ಬಿತ್ತು.

ನಲವತ್ತಕ್ಕೆ ಒಂದು ಸಣ್ಣ ಟಿಕ್ ಶಬ್ದ. ಎಡಗಡೆಯ ಪೀಠದ ಹತ್ತಿರ, ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಒಂದು ಗೆರೆ ಮೂಡಿತು.

"ಬಂತು!" ಎಂದಳು ಸೊಸೆ. ಸಂತೋಷಕ್ಕೆ ಅವಳ ದನಿ ಕೀರಲಾಗಿತ್ತು. "ಮಾವ, ನೋಡಿದ್ರಾ? ಎಲ್ಲಿ ಹೇಳಿದ್ದೆನೋ ಅಲ್ಲೇ ಬಂತು!"

"ಬಂದ್ರೆ ಬರ್ಲಿ ಬಿಡು, ಬಿರುಕು ಬಿಡೋದೆಲ್ಲ ಮುರಿಯಲ್ಲ," ಎಂದರು ಇಂಜಿನಿಯರು. ಆದರೆ ಆ ಓರೆಗೆರೆಯಿಂದ ಕಣ್ಣು ಕೀಳಲಾಗಲಿಲ್ಲ. ಎಂಥ ಅಂದವಾದ ಗೆರೆ! ತಮಗೆ ಬೇಡವಾದದ್ದೇ ಎದುರಿಗೆ ಬಂದು ನಿಂತಿದ್ದರೂ ನೋಡಬೇಕೆನ್ನಿಸುತ್ತಿತ್ತು. ಭಯ, ಅದರ ಬೆನ್ನಿಗೇ ಪುಳಕ. ಸೊಸೆ ದಿನವೂ ಇಂಥ ಕೆಲಸಕ್ಕೆ ಯಾಕೆ ಹಾರಿಕೊಂಡು ಬರುತ್ತಾಳೆ ಎಂಬುದು ಅವರಿಗೆ ಈಗ ಹೊಳೆಯಿತು.

ನಲವತ್ತೈದಕ್ಕೆ ಪಂಪು ನಿಂತಿತು. ಕೊನೆಯ ಸಲ ಗೆರೆ ಎಳೆಯುವ ಸರದಿ. ಸೊಸೆ ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡಪೀಠದ ಬಳಿ ಕುಕ್ಕರುಗಾಲಲ್ಲಿ ಕೂತಳು. ಓರೆಗೆರೆ ಈಗ ಮೇಲಕ್ಕೆ ಇನ್ನಷ್ಟು ಹಬ್ಬಿತ್ತು.

ಆ ಬಿಡುವಿನಲ್ಲಿ ಲೈಬ್ರರಿಯನ್ ಮೇಡಂ ಸುಮ್ಮನಿರಲಾರದೆ, "ಇಷ್ಟು ದೊಡ್ಡದನ್ನ ಒಳಗೆ ಹೇಗೆ ತಂದ್ರಪ್ಪ?" ಎಂದು ಕೇಳಿದರು.

"ಕೇಳ್ಬೇಡಿ ಮೇಡಂ," ಎಂದ ಕ್ರೇನಣ್ಣ. "ಹದಿನೈದು ಟನ್ನು! ನನ್ನ ಕ್ರೇನು ಅತ್ತೇಬಿಡ್ತು. ಇಲ್ಲಿವರೆಗೂ ನಾವು ಮುರಿದಿದ್ದೆಲ್ಲ ಇಬ್ಬರು ಎತ್ತಿ ತರೋವಂಥ ಪುಟಾಣಿಗಳು."

ಹದಿನೈದು ಟನ್ ಎಂದದ್ದು ಇಂಜಿನಿಯರ ಕಿವಿಗೆ ಬಿತ್ತು. ಕಟ್ಟಡ ಕಟ್ಟಿಸುವವರು ಯಾವ ಲೆಕ್ಕ ಹಾಕಿದರೂ ಮೊದಲು ಬರೆಯುವುದು ಬೀಮಿನ ಸ್ವಂತ ಭಾರ. ಅದು ಬೇರೆಯವರ ಭಾರ ಹೊರುವ ಮೊದಲು ತನ್ನನ್ನು ತಾನು ಹೊರಬೇಕಲ್ಲ. ನೂರಹತ್ತು ಎಂದು ಬರೆಯುವಾಗಲೂ ಅವರು ಆ ಹದಿನೈದನ್ನು ಕಳೆದೇ ಬರೆದಿದ್ದರು. ಪರದೆಯ ಅಂಕಿ ಹೇಳುವುದು ಜಾಕ್ ಒತ್ತಿದ್ದನ್ನು ಮಾತ್ರ.

"ನಿಮ್ಮ ಲ್ಯಾಬಿನಲ್ಲಿ ಬೀಮಿನ ತೂಕ ಕಳೆದು ಅಂದಾಜು ಹಾಕ್ತೀರಿ ಅಲ್ವಾ?" ಎಂದು ಕ್ರೇನಣ್ಣನನ್ನು ಕೇಳಿದರು.

"ತೂಕಾನಾ? ಅದನ್ಯಾರು ಸಾರ್ ಇಲ್ಲಿ ಲೆಕ್ಕಕ್ಕಿಡ್ತಾರೆ? ನಮ್ಮ ಬೀಮುಗಳ ತೂಕ ಎಷ್ಟು ಮಹಾ ಇರುತ್ತೆ?"

ಇಂಜಿನಿಯರು ಕರಿಹಲಗೆಯ ಕಡೆ ತಿರುಗಿದರು. ಅರವತ್ತು. ಅದರಲ್ಲಿ ಹದಿನೈದು ಕಳೆದರೆ ನಲವತ್ತೈದು. ಪರದೆಯ ಕಡೆ ನೋಡಿದರು. ನಲವತ್ತೈದು. ಬೀಮಿನ ಕಡೆ ನೋಡಿದರು. ಸೊಸೆ ಇನ್ನೂ ಅಲ್ಲೇ ಕೂತಿದ್ದಳು.

"ಈಚೆ ಬಾರೇ!" ಎಂದು ಅರಚಿದರು. ಮನೆಗೆ ಬಂದ ದಿನದಿಂದ ಅವಳನ್ನು ಬಾಮ್ಮ, ಹೋಗಮ್ಮ ಎಂದವರೇ ಹೊರತು ಹೀಗೆ ಕರೆದವರಲ್ಲ.

"ಇದೊಂದು ಗೆರೆ, ಮಾವ," ಎಂದಳು ಅವಳು ಮುಚ್ಚಳ ಕಚ್ಚಿಕೊಂಡೇ.

ಇಂಜಿನಿಯರು ಹಳದಿ ಗೆರೆ ದಾಟಿ ಓಡಿದರು. ಮಂಡಿನೋವೆಂದು ಮೆಟ್ಟಿಲು ಹತ್ತಲು ನಿತ್ಯ ಗೊಣಗುತ್ತಿದ್ದ ಮನುಷ್ಯ ಅದು ಹೇಗೆ ಓಡಿದರೋ. ಅವಳ ಜಾಕೆಟ್ಟಿನ ಕಾಲರಿಗೆ ಕೈ ಹಾಕಿ, ಬೆಕ್ಕಿನ ಮರಿಯನ್ನು ಎತ್ತುವಂತೆ ಎತ್ತಿ, ಹಿಂದಕ್ಕೆ ಎಳೆದುಕೊಂಡು ಬಂದರು. ಇಬ್ಬರೂ ಹಳದಿ ಗೆರೆಯ ಈಚೆ ಬಂದು ಬಿದ್ದರು.

ಆಗ ಬೀಮು ಮುರಿಯಿತು. ಶೆಡ್ಡಿನ ತಗಡೆಲ್ಲ ಅದುರುವಂಥ ಸದ್ದು. ಓರೆಗೆರೆ ಬಾಯಿ ಬಿಟ್ಟು, ಎಡಗಡೆಯ ಒಂದು ಪಾಲು ಕಾಂಕ್ರೀಟು ಕಳಚಿ, ಸೊಸೆ ಕೂತಿದ್ದ ಜಾಗಕ್ಕೆ ಬಂದು ಕುಸಿಯಿತು. ಸುಣ್ಣದ ಧೂಳು ಎಲ್ಲರ ಮುಖಕ್ಕೂ ಅಡರಿತು. ಪರದೆಯ ಅಂಕಿ ಸೊನ್ನೆಗೆ ಬಂದು ನಿಂತಿತು.

ಮೊದಲು ಚೇತರಿಸಿಕೊಂಡವಳು ಸೊಸೆ. ಕೂತಲ್ಲಿಂದಲೇ ಹಣೆ ಚಚ್ಚಿಕೊಂಡಳು.

"ಸ್ವಂತ ಭಾರ! ಅಯ್ಯೋ, ಸ್ವಂತ ಭಾರ ಬಿಟ್ಟುಬಿಟ್ಟೆ ಮಾವ! ಹದಿನೈದು ಕಳೀಬೇಕಿತ್ತು... ತಡೀರಿ, ಅರವತ್ತರಲ್ಲಿ ಹದಿನೈದು... ನಲವತ್ತೈದು! ಮಾವ, ಸೂತ್ರ ಸರಿಯಾಗಿದೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ!"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಬಿಳಿ ಮುಖದ ಮೇಲೆ ಕಣ್ಣೀರು ಎರಡು ಕಾಲುವೆ ತೋಡಿತ್ತು. ಆ ಖುಷಿ ಅಂಟುಜಾಡ್ಯದ ಹಾಗೆ ಇಂಜಿನಿಯರಿಗೂ ತಗುಲಿತು. "ಸರಿಯಾಗಿದೆ ಕಣಮ್ಮ, ನೂರಕ್ಕೆ ನೂರು ಸರಿಯಾಗಿದೆ!" ಎಂದು ಅವಳ ಎರಡೂ ಕೈ ಹಿಡಿದು ಕುಲುಕಿದರು. ತಾವು ಸೋತಿದ್ದೇವೆ ಎಂಬುದು ಕುಲುಕುತ್ತಿರುವಾಗ ನೆನಪಾಯಿತು. ನೆನಪಾದರೂ ಕುಲುಕುವುದನ್ನು ನಿಲ್ಲಿಸಲಿಲ್ಲ.

ಕ್ರೇನಣ್ಣ ನೀರು ತಂದುಕೊಟ್ಟ. ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಸೊಸೆ ಅವರ ಮುಖವನ್ನೇ ನೋಡಿದಳು.

"ಮಾವ, ನಿಮ್ಮ ಪ್ರಕಾರ ಅದು ಮುರಿಯೋಕೆ ನೂರಹತ್ತು ಆಗ್ಬೇಕಿತ್ತು. ಇನ್ನೂ ಅರ್ಧಾನೂ ಆಗಿರ್ಲಿಲ್ಲ. ಮತ್ತೆ ಯಾಕೆ ಓಡಿ ಬಂದ್ರಿ?"

ಇಂಜಿನಿಯರು ಶರ್ಟಿನ ಧೂಳು ಕೊಡವಿಕೊಂಡರು. ಇಸ್ತ್ರಿ ಹಾಕಿದ ಶರ್ಟು ಗುರುತು ಸಿಗದ ಹಾಗಾಗಿತ್ತು.

"ವಾದ ಮಾಡೋಕೆ ನನ್ನ ಲೆಕ್ಕ ಸಾಕಾಗಿತ್ತಮ್ಮ," ಎಂದರು. "ನೀನು ಅದರ ಕೆಳಗೆ ಕೂತಾಗ ಸಾಕಾಗ್ಲಿಲ್ಲ."

ಲೈಬ್ರರಿಯನ್ ಮೇಡಂ ಕನ್ನಡಕದ ಧೂಳು ಒರೆಸುತ್ತ ಹತ್ತಿರ ಬಂದರು.

"ಮಹಡಿ ಆಸೆ ಬಿಟ್ಟೆ," ಎಂದರು. "ಪತ್ರಿಕೆ ಬೇರೆ ಎಲ್ಲಾದ್ರೂ ಇಟ್ಕೋತೀನಿ. ಸದ್ಯ, ಹಾಲಿಗೇನೂ ತೊಂದ್ರೆ ಇಲ್ಲ ಅಂತ ನೀವೇ ಹೇಳಿದ್ರಲ್ಲ, ಅಷ್ಟು ಸಾಕು."

"ಹೌದು ಮೇಡಂ, ಈಗಿರೋ ಭಾರಕ್ಕೆ ಏನೂ..." ಎಂದು ಶುರು ಮಾಡಿದ ಸೊಸೆ ಅಲ್ಲಿಗೇ ನಿಂತಳು.

ಇಂಜಿನಿಯರು ಅವಳ ಕಡೆ ತಿರುಗಿದರು. "ಈಗಿರೋ ಛಾವಣಿಯಿಂದ ಒಂದೊಂದು ಬೀಮಿನ ಮೇಲೆ ಬೀಳೋದು ಎಷ್ಟು ಅಂತ ಹಿಡಿದಿದ್ದೆ?"

"ನಲವತ್ತರ ಹತ್ತಿರ ಮಾವ. ಅರವತ್ತು ತಡಿಯುತ್ತಲ್ಲ, ಧಾರಾಳವಾಯ್ತು ಅಂತ..."

"ಆ ಅರವತ್ತು, ಇದೇ ಅರವತ್ತಾ?"

ಅವಳು ಹೌದೆಂದು ತಲೆ ಆಡಿಸಿದಳು. "ಸ್ವಂತ ಭಾರ ಕಳೆದ್ರೆ ಅಲ್ಲೂ ಉಳಿಯೋದು ನಲವತ್ತೈದೇ ಮಾವ, ಮುರಿಯೋಕೆ ಐದೇ ಟನ್ ಅಂತರ," ಎಂದಳು.

ಧೂಳು ಇನ್ನೂ ಪೂರ್ತಿ ಕೂತಿರಲಿಲ್ಲ. ಪರೀಕ್ಷೆಗಳು ಹತ್ತಿರ ಬಂದಿದ್ದ ಕಾಲ. ಈ ಹೊತ್ತಿಗೆ ಲೈಬ್ರರಿಯಲ್ಲಿ ಕುರ್ಚಿ ಹಿಡಿಯಲು ಜಗಳವಾಗುತ್ತದೆ ಎಂಬುದು ಇಂಜಿನಿಯರಿಗೆ ಚೆನ್ನಾಗಿ ಗೊತ್ತಿತ್ತು. "ಕ್ರೇನಣ್ಣ, ಲೈಬ್ರರಿ ಬೀಮುಗಳ ಕೆಳಗೆ ಊರೋಕೆ ಇಲ್ಲಿರೋ ಉಕ್ಕಿನ ಕಂಬಗಳನ್ನೆಲ್ಲ ಲಾರಿಗೆ ಏರಿಸಪ್ಪ, ಒಂದೂ ಬಿಡ್ಬೇಡ," ಎಂದವರೇ ಲೈಬ್ರರಿಯನ್ ಮೇಡಂ ಮುಂದೆ ಕೈ ಚಾಚಿದರು. "ಮೇಡಂ, ಲೈಬ್ರರಿಗೆ ಫೋನ್ ಹಚ್ಚಿ ಕೊಡಿ."

ಆ ಕಡೆಯಿಂದ ಯಾರೋ ಹುಡುಗಿ ಎತ್ತಿಕೊಂಡಳು.

"ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಮ್ಮ. ಈಗಲೇ. ಮಾತಾಡ್ತಾ ನಿಲ್ಲೋಕೆ ಬಿಡ್ಬೇಡ, ಬ್ಯಾಗು ಆಮೇಲೆ ತಗೊಳ್ಲಿ. ಆಮೇಲೆ ಬಾಗಿಲಿಗೆ ಬೀಗ ಹಾಕು."

"ಯಾರು ಸಾರ್ ಮಾತಾಡೋದು?"

"ಆ ಹಾಲು ಕಟ್ಟಿಸಿದವನು."

"ನೀವಾ? ನಿಮ್ಮ ಬೀಮು ಗಟ್ಟಿ ಅಂತ ನೀವೇ ಹೇಳ್ತಿದ್ರಂತಲ್ಲ ಸಾರ್?"

ಇಂಜಿನಿಯರು ಪಕ್ಕದಲ್ಲಿ ನಿಂತಿದ್ದ ಸೊಸೆಯ ಹೆಗಲ ಮೇಲೆ ಕೈಯಿಟ್ಟರು.

"ಹೇಳ್ತಿದ್ದೆ," ಎಂದರು. "ಈಗ ನಮ್ಮನೆ ಹುಡುಗಿ ಸರಿಯಾಗಿ ಲೆಕ್ಕ ಹಾಕಿದ್ದಾಳೆ. ಎಬ್ಬಿಸು."

ಫೋನನ್ನು ಅವರು ಕಿವಿಯಿಂದ ತೆಗೆಯಲಿಲ್ಲ. ಆ ತುದಿಯಲ್ಲಿ ಹುಡುಗಿ ಕೂಗುವುದು ಕೇಳಿಸಿತು. ಆಮೇಲೆ ಹಾಲಿನ ಉದ್ದಕ್ಕೂ ಕುರ್ಚಿಗಳು ಒಂದರ ಹಿಂದೊಂದು ಹಿಂದಕ್ಕೆ ಸರಿಯತೊಡಗಿದವು.